ಓದಿದ ಪುಸ್ತಕ ಮೇಜಿನ ಮೇಲೇ ಇರಲಿ

ಮೂರನೇ ಸೆಮಿಸ್ಟರ್ ಪೂರ್ತಿ ನಾನು ಲೈಬ್ರರಿಯಲ್ಲಿ ಒಂದು ಒಳ್ಳೆ ಕೆಲಸ ಮಾಡ್ತಾ ಬಂದಿದ್ದೆ. ಓದಿ ಮುಗಿಸಿದ ಪುಸ್ತಕವನ್ನು ಮೇಜಿನ ಮೇಲೆ ಬಿಡದೆ, ತೆಗೆದ ಜಾಗದಲ್ಲೇ ವಾಪಸ್ ಇಡುವುದು. ಮನೆಯಲ್ಲಿ ಅಮ್ಮ ಕಲಿಸಿದ ಅಭ್ಯಾಸ. ಇದೇ ಅಭ್ಯಾಸದಿಂದ ನನಗೆ ಬೇಕಾದ ಪುಸ್ತಕವೇ ರದ್ದಿಗೆ ಹೋಗುವುದರಲ್ಲಿತ್ತು!

ಅದು ಹೇಗೆ ಅಂತ ತಿಳಿಯಬೇಕಾದರೆ ಮೊದಲು ಪುಸ್ತಕದ ಬೆನ್ನಿಗೆ ಅಂಟಿಸಿದ ಚೀಟಿ ನೋಡಬೇಕು. ನಮ್ಮ ಲೈಬ್ರರಿಯಲ್ಲಿ ಇರುವುದು ಡ್ಯೂಯಿ ದಶಮಾಂಶ ಪದ್ಧತಿ. ಅಮೆರಿಕದ ಮೆಲ್ವಿಲ್ ಡ್ಯೂಯಿ 1876ರಲ್ಲಿ ಪ್ರಕಟಿಸಿದ್ದು. ಜ್ಞಾನವನ್ನೆಲ್ಲ ಹತ್ತು ಭಾಗ ಮಾಡಿ, ಪ್ರತಿ ಭಾಗವನ್ನು ಮತ್ತೆ ಹತ್ತು, ಮತ್ತೆ ಹತ್ತು ಮಾಡ್ತಾ ಹೋಗುವುದು. 600 ಅಂದ್ರೆ ತಂತ್ರಜ್ಞಾನ, 620 ಎಂಜಿನಿಯರಿಂಗ್, 621.3 ಎಲೆಕ್ಟ್ರಿಕಲ್, 624 ಸಿವಿಲ್. ಅಲ್ಲಿಂದ ನಾಲ್ಕು ಹೆಜ್ಜೆ ಮುಂದೆ ಹೋದರೆ 635, ತೋಟಗಾರಿಕೆ. ಕನ್ನಡ ಸಾಹಿತ್ಯ ಬೇಕಾದರೆ ತುಂಬಾ ದೂರ ನಡೀಬೇಕು, 894.814. ಬಿಂದುವಿನ ಬಲಕ್ಕೆ ಅಂಕಿ ಹೆಚ್ಚಿದಷ್ಟೂ ವಿಷಯ ಸಣ್ಣದಾಗುತ್ತದೆ. ಇನ್ನು ಕೆಳಗಿನ ಮೂರು ಅಕ್ಷರ ಸಾಮಾನ್ಯವಾಗಿ ಲೇಖಕರ ಹೆಸರಿನದು.

ಈಗ ನನ್ನ ಕಥೆಗೆ ಬರೋಣ. ನಾನು ಸ್ಟ್ರೆಂತ್ ಆಫ್ ಮೆಟೀರಿಯಲ್ಸ್ ವಿಷಯವನ್ನು ಎನ್‌ಪಿಟಿಇಎಲ್‌ನಲ್ಲಿ ಕಲೀತಾ ಇದ್ದೆ. ಐಐಟಿಗಳು ಮತ್ತು ನಮ್ಮ ಬೆಂಗಳೂರಿನ ಐಐಎಸ್‌ಸಿ ಸೇರಿ 2003ರಲ್ಲಿ ಶುರು ಮಾಡಿದ ಯೋಜನೆ ಅದು. ಪಾಠವೇನೋ ಚೆನ್ನಾಗೇ ಇತ್ತು. ಆದರೆ ಮೋಹ್ರ್ ವೃತ್ತ ಬಂದಾಗ ನಾನು ಮುಗ್ಗರಿಸಿದೆ. ಅದೇ ವಿಡಿಯೋ ಮೂರು ಸಲ ನೋಡಿದೆ, ನಿಧಾನ ಮಾಡಿ ನೋಡಿದೆ, ಊಹೂಂ. ನನಗೆ ಅರ್ಥವಾಗದೇ ಇದ್ದದ್ದು ಆ ವಿಡಿಯೋಕ್ಕಿಂತ ಎರಡು ಹೆಜ್ಜೆ ಹಿಂದಿನದು ಅಂತ ನನಗೇ ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನ ಹುಡುಕುವುದು ಹೇಗೆ? 620.112ರ ಕಪಾಟಿನ ಮುಂದೆ ಸುಮ್ಮನೆ ನಿಂತು ಒಂದೊಂದೇ ತೆಗೆದು ನೋಡುವಾಗ ಟಿಮೊಶೆಂಕೊ ಬರೆದ ಹಳೇ ಪುಸ್ತಕ ಕೈಗೆ ಬಂತು. ಅದರ ಮೊದಲ ಮುದ್ರಣ 1930ರದ್ದು. ಓರೆಯಾಗಿ ಕತ್ತರಿಸಿದ ಸರಳಿನ ಮೇಲೆ ಒತ್ತಡ ಹೇಗೆ ಹಂಚಿಕೆಯಾಗುತ್ತದೆ ಅನ್ನೋದರಿಂದ ಹೊರಟು ವೃತ್ತಕ್ಕೆ ಬಂದು ಮುಟ್ಟುತ್ತದೆ. ಅಲ್ಲಿಂದ ನನ್ನ ಪದ್ಧತಿ ಹೀಗಾಯ್ತು: ಡಿಜಿಟಲ್ ವಿಭಾಗದಲ್ಲಿ ವಿಡಿಯೋ, ಪಕ್ಕದಲ್ಲಿ ಆ ಪುಸ್ತಕ, ಹೊರಡುವಾಗ ಪುಸ್ತಕ ವಾಪಸ್ ಕಪಾಟಿಗೆ.

ಒಂದು ಸಂಜೆ ಲೈಬ್ರರಿ ಹಿಂಭಾಗದ ಕೈತೋಟದಲ್ಲಿ ಮೇಡಂ ಕಳೆ ಕೀಳ್ತಾ ಇದ್ದರು. ಬೆಳಿಗ್ಗೆ ಪತ್ರಿಕೆ ಜೋಡಿಸುವುದರಿಂದ ಹಿಡಿದು ನೋ ಡ್ಯೂಸ್ ಸಹಿ ಹಾಕುವವರೆಗೆ ಎಲ್ಲ ಮುಗಿಸಿ, ಅರ್ಧ ಗಂಟೆ ಅಲ್ಲಿ ಇರುವುದು ಅವರ ರೂಢಿ. ಪಾರ್ಥೇನಿಯಂ ಅನ್ನು, ಅದೇ ಕಾಂಗ್ರೆಸ್ ಗಿಡವನ್ನು, ಹೂ ಬಿಡುವ ಮೊದಲೇ ಬುಡಸಮೇತ ಕೀಳ್ತಿದ್ದರು, ಕೈಗೆ ಗ್ಲೌಸ್ ಹಾಕಿಕೊಂಡು. ಪಕ್ಕದಲ್ಲೇ ಇದ್ದ ತುಂಬೆಯನ್ನು ಮಾತ್ರ ಮುಟ್ಟಲಿಲ್ಲ.

“ಮೇಡಂ, ಇದೂ ಕಳೆನೇ ಅಲ್ವಾ?”

“ಬೆಳಿಗ್ಗೆ ಬಂದು ನೋಡಪ್ಪ, ಎಷ್ಟು ಜೇನು, ಎಷ್ಟು ಚಿಟ್ಟೆ ಕೂತಿರುತ್ತೆ ಅಂತ. ನೀನು ಸಂಜೆ ಬರೋನು, ನಿನಗೆ ಕಾಣಲ್ಲ.” ಆಮೇಲೆ ಕೈ ತೊಳೀತಾ ಹೇಳಿದರು, “ಒಳಗೂ ಇದೇ ಕೆಲಸ ನಡೀತಿದೆ. ಪಟ್ಟಿ ತೋರಿಸ್ತೀನಿ ಬಾ.”

ಲೈಬ್ರರಿಯವರ ಭಾಷೆಯಲ್ಲೂ ಇದಕ್ಕೆ ವೀಡಿಂಗ್, ಅಂದರೆ ಕಳೆ ಕೀಳುವುದು ಅಂತಲೇ ಹೆಸರು. ಗ್ರಂಥಾಲಯ ಒಂದು ಬೆಳೆಯುವ ಜೀವಿ ಅನ್ನೋದು ಎಸ್.ಆರ್. ರಂಗನಾಥನ್ 1931ರಲ್ಲಿ ಪುಸ್ತಕವಾಗಿ ಪ್ರಕಟಿಸಿದ ಐದು ಸೂತ್ರಗಳಲ್ಲಿ ಕೊನೆಯದು. (ಅವರು ಮೂಲತಃ ಗಣಿತದ ಮೇಷ್ಟ್ರು. ಕೊನೆಯ ವರ್ಷಗಳನ್ನು ಕಳೆದದ್ದು ಬೆಂಗಳೂರಿನಲ್ಲಿ. ಅವರು 1962ರಲ್ಲಿ ಕಟ್ಟಿದ ಡಿಆರ್‌ಟಿಸಿ ಇಲ್ಲೇ ಇದೆ.) ಪುಸ್ತಕ ಬರ್ತಾನೇ ಇರುತ್ತೆ, ಗೋಡೆ ಬೆಳೆಯಲ್ಲ. ವಿಂಡೋಸ್ 98ರ ಕೈಪಿಡಿ ಹೋಗಲೇಬೇಕು, ಅದಕ್ಕೆ ಯಾರೂ ಅಳುವುದಿಲ್ಲ. ತೊಂದರೆ ಬರುವುದು ಐದು ವರ್ಷದಲ್ಲಿ ಒಮ್ಮೆಯೂ ಇಶ್ಯೂ ಆಗದ ಪುಸ್ತಕ ಅಂತ ಪಟ್ಟಿ ತೆಗೆದಾಗ.

ಆ ಪಟ್ಟಿಯಲ್ಲಿ ನನ್ನ ಟಿಮೊಶೆಂಕೊ ಇತ್ತು. “ಮೇಡಂ, ಇದನ್ನ ನಾನು ದಿನಾ ಓದ್ತೀನಲ್ಲ!” ಅಂದೆ. “ನಾನು ನಿನ್ನ ಮಾತು ನಂಬಬಹುದು. ಕಮಿಟಿ ನೋಡೋದು ಅಂಕಿ,” ಅಂದರು.

ಆಗಲೇ ನನಗೆ ತಿಳಿದದ್ದು. ನಾವು ಬಿಟ್ಟುಹೋದ ಪುಸ್ತಕಗಳನ್ನು ಮೇಜಿನಿಂದ ಎತ್ತಿ, ಕಪಾಟಿಗೆ ಇಡುವ ಮುಂಚೆ ಸ್ಕ್ಯಾನ್ ಮಾಡ್ತಾರೆ. ನಮ್ಮಲ್ಲಿರುವ ತಂತ್ರಾಂಶ ಕೊಹಾ. ನ್ಯೂಜಿಲೆಂಡಿನಲ್ಲಿ ಹುಟ್ಟಿ 2000ದಲ್ಲಿ ಬಳಕೆಗೆ ಬಂದ ಮುಕ್ತ ತಂತ್ರಾಂಶ; ಮಾವೊರಿ ಭಾಷೆಯಲ್ಲಿ ಕೊಹಾ ಅಂದ್ರೆ ಉಡುಗೊರೆ. ಮನೆಗೆ ಒಯ್ಯದೆ ಅಲ್ಲೇ ಓದಿದ್ದನ್ನೂ ಅದು ಬೇರೆಯಾಗಿ ಲೆಕ್ಕ ಇಡುತ್ತದೆ. ಆದರೆ ಪುಸ್ತಕ ಮೇಜಿನ ಮೇಲೆ ಸಿಕ್ಕಿದರೆ ಮಾತ್ರ. ನಾನು ನಾಲ್ಕು ತಿಂಗಳು ಓದಿದ್ದರ ಲೆಕ್ಕ ಸೊನ್ನೆ. ಸಾಲದ್ದಕ್ಕೆ, ಬೇರೆ ಎರಡು ಪುಸ್ತಕಗಳನ್ನು ತಪ್ಪು ಜಾಗದಲ್ಲಿ ಇಟ್ಟಿದ್ದೆ. 621.3ರಲ್ಲಿ ಇರಬೇಕಾದ್ದು 621.13ರ ಹತ್ತಿರ ಕೂತಿತ್ತು. ಕ್ಯಾಟಲಾಗಿನಲ್ಲಿ ಇದೆ, ಕೈಗೆ ಸಿಗಲ್ಲ. ಅಂಥ ಪುಸ್ತಕ ಇದ್ದೂ ಕಳೆದುಹೋದ ಹಾಗೆ.

ಪಟ್ಟಿ ಕಮಿಟಿಗೆ ಹೋಗಲು ಆರು ದಿನ ಬಾಕಿ ಇತ್ತು. ನಾವು ನಾಲ್ಕು ಜನ ಕೂತು ಪಟ್ಟಿ ನೋಡಿ, ನಿಜವಾಗಿ ಬಳಸುವ ಹನ್ನೊಂದು ಪುಸ್ತಕ ಗುರುತು ಮಾಡಿ ನಮ್ಮ ಹೆಸರಿಗೆ ಇಶ್ಯೂ ಮಾಡಿಸಿಕೊಂಡೆವು. ಒಂಬತ್ತು ಉಳಿದವು. ಕನ್ನಡದಲ್ಲಿ ಬರೆದ ಎರಡು ವಿಜ್ಞಾನ ಪುಸ್ತಕಗಳು ಹೋದವು, ಹಾಳೆ ಪುಡಿಯಾಗ್ತಿದೆ ಅಂತ ಕಾರಣ. ಅದರಲ್ಲಿ ಒಂದರ ಪುಟಗಳನ್ನಾದರೂ ಫೋಟೋ ತೆಗೆದು ಇಟ್ಟುಕೊಳ್ಳಬೇಕಿತ್ತು, ಹೊಳೆಯಲಿಲ್ಲ.

ಈಗ 635ರಿಂದ ತಂದ ಒಂದು ಪುಸ್ತಕ ನನ್ನ ಹತ್ತಿರ ಇದೆ. ಹಾಸ್ಟೆಲ್ ಕಿಟಕಿಯಲ್ಲಿ ಕರಿಬೇವು ಹಾಕಿದ್ದೇನೆ. ಬೇಕಾದವರು ಮುಂದಿನ ಸೋಮವಾರ ಎರಡನೇ ಮೇಜಿನ ಮೇಲೆ ನೋಡಿ.