ಅಲ್ಪಾಕಾ ಮರಿ ಮತ್ತು ಗಿಣ್ಣು ಹಾಲು

ಡಲ್ಲಸ್, ಹ್ಯೂಸ್ಟನ್, ಆಸ್ಟಿನ್ ಕಡೆ ಇರುವ ನಿಮ್ಮಲ್ಲಿ ಕೆಲವರು ಮಕ್ಕಳನ್ನ ಕರ್ಕೊಂಡು ಅಲ್ಪಾಕಾ ಫಾರಂ ನೋಡಿ ಬಂದಿರಬಹುದು. ಕುರಿಯಂಥ ಉಣ್ಣೆ, ಉದ್ದನೆಯ ಕತ್ತು. ಇದು ಒಂಟೆಯ ಬಂಧು. ತವರು ದಕ್ಷಿಣ ಅಮೆರಿಕದ ಆಂಡಿಸ್ ಪರ್ವತ. ಇದರ ಮರಿಗೆ ಸ್ಪ್ಯಾನಿಷ್‌ನಲ್ಲಿ 'ಕ್ರಿಯಾ' ಅಂತಾರೆ. ನಮ್ಮ 'ಕ್ರಿಯೆ'ಗೂ ಅದಕ್ಕೂ ನಂಟಿಲ್ಲ! ಆ ಮರಿ ಹುಟ್ಟಿದ ಮೊದಲ ಕೆಲವು ಗಂಟೆಗಳಲ್ಲಿ ಏನೇನಾಗುತ್ತೆ, ಇವತ್ತು ನೋಡೋಣ.

ಅಲ್ಪಾಕಾದ ಗರ್ಭ ಸುಮಾರು 11ರಿಂದ 11.5 ತಿಂಗಳು. ಸಾಮಾನ್ಯವಾಗಿ ಒಂದು ಸೂಲಿಗೆ ಒಂದೇ ಮರಿ, ತೂಕ 6ರಿಂದ 8 ಕಿಲೋ. ವಿಶೇಷ ಏನಂದ್ರೆ, ಹೆಚ್ಚಿನ ಮರಿಗಳು ಹುಟ್ಟೋದು ಹಗಲಲ್ಲಿ, ಅದರಲ್ಲೂ ಬೆಳಗ್ಗೆಯಿಂದ ಮಧ್ಯಾಹ್ನದೊಳಗೆ. ಯಾಕೆ? ನಮ್ಮ ಹಸು ಕರು ಹಾಕಿದ ತಕ್ಷಣ ಅದನ್ನ ನೆಕ್ಕಿ ನೆಕ್ಕಿ ಒಣಗಿಸುತ್ತೆ. ಅಲ್ಪಾಕಾ ತಾಯಿ ನೆಕ್ಕೋದಿಲ್ಲ. ಮೂಸುತ್ತೆ, ಮೆಲ್ಲಗೆ ಗುನುಗುತ್ತೆ, ಅಷ್ಟೆ. ಒಣಗಿಸೋ ಕೆಲಸ ಬಿಸಿಲು, ಗಾಳಿಯದ್ದು. ಮೈಗೆ ಅಂಟಿದ ತೆಳು ಪೊರೆಯೂ ಹಾಗೇ ಒಣಗಿ ಉದುರುತ್ತೆ. ಸುಮಾರು 4,000 ಮೀಟರ್ ಎತ್ತರದ ಆಂಡಿಸ್ ಬಯಲಲ್ಲಿ ರಾತ್ರಿ ಹೆಪ್ಪುಗಟ್ಟುವ ಚಳಿ. ಕತ್ತಲಾಗುವುದರೊಳಗೆ ಮೈ ಒಣಗದ ಮರಿ ಬದುಕೋದು ಕಷ್ಟ. ಹಗಲಲ್ಲಿ ಹುಟ್ಟಿದವೇ ಹೆಚ್ಚು ಉಳಿದು, ಆ ಗುಣ ವಂಶದಲ್ಲಿ ನೆಲೆಯಾಯಿತು ಅನ್ನೋದು ಇದಕ್ಕಿರುವ ವಿವರಣೆ.

ಮೈ ಒಣಗೋದು ಒಂದು ಓಟವಾದ್ರೆ, ಎರಡನೆಯದು ಹಾಲಿನ ಓಟ. ಆರೋಗ್ಯವಂತ ಮರಿ ಸಾಮಾನ್ಯವಾಗಿ ಒಂದೆರಡು ಗಂಟೆಯಲ್ಲಿ ಎದ್ದು ನಿಲ್ಲುತ್ತೆ, ನಾಲ್ಕು ಗಂಟೆಯೊಳಗೆ ಮೊಲೆ ಹುಡುಕಿ ಕುಡಿಯುತ್ತೆ. ಆ ಮೊದಲ ಹಾಲೇ ಗಿಣ್ಣು. ಹಸುವಿನ ಗಿಣ್ಣನ್ನು ನಾವು ಬೆಲ್ಲ, ಏಲಕ್ಕಿ ಹಾಕಿ ತಿಂತೀವಿ. ಮರಿಗೆ ಅದು ಜೀವದ ಪ್ರಶ್ನೆ. ಮನುಷ್ಯರಲ್ಲಿ ತಾಯಿಯ ಪ್ರತಿಕಾಯಗಳು, ಅಂದರೆ ರೋಗದ ವಿರುದ್ಧ ಹೋರಾಡುವ ಪ್ರೋಟೀನುಗಳು, ಮಾಸಿನ ಮೂಲಕ ಗರ್ಭದಲ್ಲೇ ಮಗುವಿಗೆ ಸೇರುತ್ತವೆ. ಅಲ್ಪಾಕಾದಲ್ಲಿ, ಹಸುವಿನಲ್ಲಿರುವಂತೆಯೇ, ತಾಯಿ ಮತ್ತು ಮರಿಯ ರಕ್ತದ ನಡುವಿನ ಪದರಗಳು ಹೆಚ್ಚು; ಪ್ರತಿಕಾಯಗಳು ದಾಟಲಾರವು. ಮರಿ ಹುಟ್ಟೋದು ಬರಿಗೈಲಿ. ಗಿಣ್ಣಿನ ಪ್ರತಿಕಾಯಗಳನ್ನು ಇಡಿಯಾಗಿ ರಕ್ತಕ್ಕೆ ದಾಟಿಸುವ ಶಕ್ತಿ ಎಳೆ ಕರುಳಿಗಿದೆ. ಆದರೆ ಗಂಟೆಗಂಟೆಗೂ ಆ ಬಾಗಿಲು ಮುಚ್ಚುತ್ತಾ, ಸುಮಾರು 24 ಗಂಟೆಗೆ ಮುಚ್ಚೇ ಹೋಗುತ್ತೆ. ಆಮೇಲೆ ಎಷ್ಟು ಕುಡಿಸಿದರೂ ಅವು ರಕ್ತ ಸೇರೋದಿಲ್ಲ. ಅನುಮಾನ ಬಂದ್ರೆ ಪಶುವೈದ್ಯರು ಮರಿಯ ರಕ್ತ ಪರೀಕ್ಷಿಸಿ, ಪ್ರತಿಕಾಯ ಕಡಿಮೆಯಿದ್ದರೆ ಬೆಳೆದ ಅಲ್ಪಾಕಾದ ಪ್ಲಾಸ್ಮಾ ಕೊಡುತ್ತಾರೆ.

ಟೆಕ್ಸಾಸ್‌ನಲ್ಲಿ ಈ ಲೆಕ್ಕ ಇನ್ನೂ ಬಿಗಿ. 2023ರ ಬೇಸಿಗೆಯಲ್ಲಿ ಆಸ್ಟಿನ್‌ನಲ್ಲಿ ಸತತ 45 ದಿನ ಉಷ್ಣಾಂಶ 100 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 38 ಸೆಲ್ಸಿಯಸ್, ಮುಟ್ಟಿತ್ತು. ಹ್ಯೂಸ್ಟನ್‌ನಲ್ಲಿ ಸೆಖೆ ಬೇರೆ. ಆಂಡಿಸ್‌ನಲ್ಲಿ ಮರಿಯನ್ನು ಕಾಯುವ ನಡುಹಗಲ ಬಿಸಿಲೇ ಇಲ್ಲಿ ಅದನ್ನು ಸುಸ್ತುಬೀಳಿಸುತ್ತೆ. ಸುಸ್ತಾದ ಮರಿ ಏಳೋದಿಲ್ಲ; ಏಳದಿದ್ದರೆ ಗಿಣ್ಣು ಸಿಗೋದಿಲ್ಲ. ಚಳಿಯನ್ನೂ ನಂಬೋ ಹಾಗಿಲ್ಲ: 2021ರ ಫೆಬ್ರವರಿ 16ರಂದು ಡಲ್ಲಸ್–ಫೋರ್ಟ್‌ವರ್ತ್ ವಿಮಾನ ನಿಲ್ದಾಣದಲ್ಲಿ ಮೈನಸ್ 19 ಸೆಲ್ಸಿಯಸ್ ದಾಖಲಾಯಿತು. ಹಾಗಾಗಿ ಹೆಣ್ಣನ್ನು ಗಂಡಿನ ಜೊತೆ ಬಿಡುವ ತಿಂಗಳನ್ನೇ ಲೆಕ್ಕಹಾಕಿ ಆರಿಸಬೇಕು. ಏಪ್ರಿಲ್ ನಡುವೆ ಬಿಟ್ಟರೆ, ಮರಿ ಮುಂದಿನ ಮಾರ್ಚ್ ಕೊನೆಯ ಹೊತ್ತಿಗೆ, ಹಿತವಾದ ಹವೆಯಲ್ಲಿ ಹುಟ್ಟುತ್ತೆ.

ಫಾರಂನಲ್ಲಿ ಎಂದಾದರೂ ಒದ್ದೆ ಮೈಯ ಮರಿ ತಡವರಿಸುತ್ತಾ ಏಳೋದು ಕಂಡರೆ, ಮುದ್ದಾಡೋಕೆ ಹೋಗಬೇಡಿ. ತಾಯಿ-ಮರಿ ನಡುವೆ ಬರದೆ ದೂರ ನಿಂತು ನೋಡಿ. ಅದಕ್ಕೆ ಆ ಹೊತ್ತಿನಲ್ಲಿ ಬೇಕಾಗಿರೋದು ಅಮ್ಮನ ಗಿಣ್ಣು.