ಗೋಡೆ ಮೇಲಿನ ಜೇಡ ಯಾವುದು? ಮೈಮೇಲಿನ ಬೊಕ್ಕೆ ಯಾವುದು?

ಬಚ್ಚಲುಮನೆಯ ಗೋಡೆಯಲ್ಲಿ ಅಂಗೈಯಗಲದ ಕಂದು ಜೇಡ ಕಂಡರೆ ಮನೆಯಲ್ಲಿ ಗಲಾಟೆ ಶುರು. ಒಬ್ಬರು ಪೊರಕೆ ತರುತ್ತಾರೆ. ಸೌರ್ ಗುಹೆಯ ಕಥೆ ಕೇಳಿ ಬೆಳೆದ ಅಜ್ಜಿ ಕೊಲ್ಲಬೇಡಿ ಎನ್ನುತ್ತಾರೆ. ಹೊಡೆಯುವ ಮೊದಲು ಅದು ಯಾವುದೆಂದು ಒಮ್ಮೆ ನೋಡಿ.

ಬಲೆ ಇದೆಯೇ? ಛಾವಣಿಯ ಮೂಲೆಯಲ್ಲಿ ಬಲೆ ಕಟ್ಟಿ, ನೂಲಿನಂಥ ಉದ್ದ ಕಾಲುಗಳಲ್ಲಿ ತಲೆಕೆಳಗಾಗಿ ನೇತಾಡುತ್ತಾ, ಮುಟ್ಟಿದರೆ ಗಡಗಡ ಅಲುಗಾಡುವ ಜೇಡದಿಂದ ತೊಂದರೆಯಿಲ್ಲ; ಧೂಳು ಹಿಡಿದ ಬಲೆ ಗುಡಿಸಿದರೆ ಸಾಕು. ಕಿಟಕಿಯ ಬಳಿ ಜಿಗಿಯುತ್ತಾ, ಮುಂದಿನ ಎರಡು ದೊಡ್ಡ ಕಣ್ಣುಗಳಿಂದ ನಮ್ಮನ್ನೇ ತಿರುಗಿ ನೋಡುವ ಚಿಕ್ಕ ಜೇಡ ನೊಣ, ಸೊಳ್ಳೆ ಹಿಡಿಯುತ್ತದೆ.

ಗೋಡೆಯ ದೊಡ್ಡ ಜೇಡ ಬಲೆಯನ್ನೇ ಕಟ್ಟುವುದಿಲ್ಲ. ಚಪ್ಪಟೆ ಮೈ, ಏಡಿಯಂತೆ ಪಕ್ಕಕ್ಕೆ ಚಾಚಿದ ಕಾಲುಗಳು, ಮಿಂಚಿನ ಓಟ. ರಾತ್ರಿ ಹೊರಬಂದು ಜಿರಳೆ ತಿನ್ನುತ್ತದೆ. ಕೆಲವೊಮ್ಮೆ ಹೊಟ್ಟೆಯ ಕೆಳಗೆ ಬಿಳಿ ಬಿಲ್ಲೆಯಂಥದನ್ನು ಹಿಡಿದಿರುತ್ತದೆ. ಅದು ವಿಷದ ಚೀಲವಲ್ಲ, ಮೊಟ್ಟೆಯ ಚೀಲ. ಕೈಯಲ್ಲಿ ಅದುಮಿದರೆ ಕಚ್ಚೀತು. ನೋವು, ಊತ ಸಾಮಾನ್ಯವಾಗಿ ತಾನಾಗಿ ಇಳಿಯುತ್ತದೆ. ಆದರೆ ಪಶ್ಚಿಮ ಘಟ್ಟದ ತೋಟಗಳ ಕಡೆ ದಪ್ಪ ಮೈಯ, ಕಾಲೆಲ್ಲ ಕೂದಲಿರುವ ಜೇಡ ಕಂಡರೆ ಕೈ ಹಾಕಬೇಡಿ. ಅದು ಕಚ್ಚಿದರೆ ತೀವ್ರ ನೋವು, ಸ್ನಾಯು ಸೆಳೆತ ಬರಬಹುದು. ಆಸ್ಪತ್ರೆಗೆ ಹೋಗಬೇಕು.

ಇಷ್ಟೆಲ್ಲ ಹೇಳಲು ಕಾರಣವಿದೆ. ಮೈಮೇಲೆ ಉರಿಯುವ ಬೊಕ್ಕೆ ಎದ್ದರೆ "ಜೇಡ ಮೂತ್ರ ಮಾಡಿದೆ" ಎನ್ನುವುದು ರೂಢಿ. ಜೇಡವನ್ನು ಕಣ್ಣಾರೆ ಕಂಡಿರಾ ಎಂದು ಕೇಳಿದರೆ ಬಹುತೇಕರು ಇಲ್ಲ ಎನ್ನುತ್ತಾರೆ. ಜೇಡದ ಮೂತ್ರದಿಂದ ಬೊಕ್ಕೆ ಏಳುವುದಿಲ್ಲ.

ಮಳೆಗಾಲದಲ್ಲಿ ಟ್ಯೂಬ್‌ಲೈಟಿಗೆ ಬರುವ, ಇರುವೆಯನ್ನು ಹೋಲುವ ಕಪ್ಪು-ಕಿತ್ತಳೆ ಪಟ್ಟೆಯ ಪುಟ್ಟ ಹುಳವೊಂದಿದೆ. ಎಣಿಸಿ ನೋಡಿ, ಕಾಲು ಆರೇ. ಚರ್ಮದ ಮೇಲೆ ಅದನ್ನು ಹೊಸಕಿದರೆ ಒಳಗಿನ ದ್ರವ ತಗುಲಿ, ಒಂದೆರಡು ದಿನದಲ್ಲಿ ಗೀಚಿದಂತೆ ಕೆಂಪು ಗೆರೆ, ಬೊಕ್ಕೆ ಏಳುತ್ತವೆ. ಹುಳವನ್ನು ಊದಿ ಹಾರಿಸಿ. ತಗುಲಿದ್ದರೆ ತಕ್ಷಣ ಸೋಪಿನಲ್ಲಿ ತೊಳೆಯಿರಿ. ಆ ಕೈಯಲ್ಲಿ ಕಣ್ಣು ಉಜ್ಜಬೇಡಿ.

ಹೆಚ್ಚು ಹುಷಾರಾಗಿರಬೇಕಾದದ್ದು ಸರ್ಪಸುತ್ತಿನ ಬಗ್ಗೆ. ಹಿಂದೆಂದೋ ಬಂದ ಚಿಕನ್‌ಪಾಕ್ಸ್‌ನ ವೈರಾಣು ನರದಲ್ಲಿ ಅಡಗಿದ್ದು ಮತ್ತೆ ಏಳುವ ಕಾಯಿಲೆಯಿದು. ಬೊಕ್ಕೆ ಕಾಣುವ ಒಂದೆರಡು ದಿನ ಮೊದಲೇ ಆ ಜಾಗದಲ್ಲಿ ಉರಿ, ಚುಚ್ಚುವ ನೋವು ಇರುತ್ತದೆ. ನಂತರ ದೇಹದ ಒಂದೇ ಪಕ್ಕದಲ್ಲಿ ಪಟ್ಟಿಯಂತೆ ನೀರ್ಗುಳ್ಳೆಗಳು. ಯುನಾನಿ ಗ್ರಂಥಗಳು ಇಂಥ ಉರಿಯುತ್ತಾ ಹರಡುವ ಬೊಕ್ಕೆಯನ್ನು 'ನಮ್ಲಾ' ಎನ್ನುತ್ತವೆ, ಅರಬಿಯಲ್ಲಿ ಇರುವೆ ಎಂದರ್ಥ. ಆ ಗ್ರಂಥಗಳನ್ನು ಓದಿದ ನಾನೇ ಹೇಳುತ್ತಿದ್ದೇನೆ: ಲೇಪ ಹಚ್ಚುತ್ತಾ ದಿನ ಕಳೆಯಬೇಡಿ. ವೈರಾಣು ತಡೆಯುವ ಮಾತ್ರೆಗಳು ಬೊಕ್ಕೆ ಎದ್ದ 72 ಗಂಟೆಯೊಳಗೆ ಶುರುವಾದರೆ ಹೆಚ್ಚು ಪರಿಣಾಮಕಾರಿ. ತಡವಾದರೂ ವೈದ್ಯರನ್ನು ಕಾಣಿ. ವಯಸ್ಸಾದವರಲ್ಲಿ ಬೊಕ್ಕೆ ಮಾಗಿದರೂ ನರದ ನೋವು ತಿಂಗಳುಗಟ್ಟಲೆ ಉಳಿಯಬಹುದು. ಊದಿಸಿಕೊಂಡು ಬರುವವರು ಬರಲಿ, ಆದರೆ ಅದೇ ದಿನ ವೈದ್ಯರ ಬಳಿಗೂ ಹೋಗಲಿ. ಹಣೆ, ಕಣ್ಣಿನ ಸುತ್ತ ಅಥವಾ ಮೂಗಿನ ತುದಿಯಲ್ಲಿ ಬೊಕ್ಕೆ ಎದ್ದರೆ ಅಂದೇ ಕಣ್ಣಿನ ವೈದ್ಯರಿಗೆ ತೋರಿಸಿ, ದೃಷ್ಟಿಗೆ ಅಪಾಯವಿದೆ. ಸಕ್ಕರೆ ಕಾಯಿಲೆಯವರು ಯಾವ ಗಾಯವನ್ನೂ ಜೇಡದ ತಲೆಗೆ ಕಟ್ಟಿ ಸುಮ್ಮನಿರಬಾರದು.

ಇನ್ನು ಗೋಡೆಯ ಮೇಲಿನ ಜೇಡ. ಅಗಲ ಬಾಯಿಯ ಡಬ್ಬ ಕವುಚಿ, ಕೆಳಗೆ ಗಟ್ಟಿ ರಟ್ಟು ತೂರಿಸಿ, ಹಿತ್ತಲಲ್ಲಿ ಬಿಡಿ. ಯಾರಿಗಾದರೂ ನಿಜವಾಗಿಯೂ ಕಚ್ಚಿದ್ದರೆ ಮೊಬೈಲಿನಲ್ಲಿ ಅದರ ಫೋಟೋ ತೆಗೆದುಕೊಂಡು ಬನ್ನಿ.