ರದ್ದಾದ ಕೇಸಿನ ಕಾಗದ ಯಾರ್ಯಾರ ಕೈಯಲ್ಲಿದೆ?

ಪ್ರಶ್ನೆ: ಮೇಡಂ, ನಾನು ಎಚ್.ಡಿ. ಕೋಟೆ ತಾಲ್ಲೂಕಿನವಳು. ಈಗ ಹುಣಸೂರಲ್ಲಿ ಅಣ್ಣನ ಮನೆಯಲ್ಲಿದ್ದೀನಿ. 2016ರಲ್ಲಿ ನನಗೆ ಹದಿನಾರು. ಹೊಗೆಸೊಪ್ಪಿನ ಬ್ಯಾರನ್ ಕೆಲಸಕ್ಕೆ ಆಳು ಕರೆಯೋಕೆ ಬರ್ತಿದ್ದ ಹೆಂಗಸೊಬ್ಬಳು ಬೆಂಗಳೂರಲ್ಲಿ ಮನೆಕೆಲಸ ಕೊಡಿಸ್ತೀನಿ ಅಂತ ಕರಕೊಂಡು ಹೋದಳು. ಮನೆಕೆಲಸ ಇರಲಿಲ್ಲ. ಅಲ್ಲಿ ಆಗಿದ್ದನ್ನ ಬರೆಯಲ್ಲ. ಕೆಲವು ತಿಂಗಳಾದ ಮೇಲೆ ಪೊಲೀಸರು ರೇಡ್ ಮಾಡಿದರು. ಅವಳು ಮೊದಲೇ ಹೇಳಿಕೊಟ್ಟಿದ್ದಂಗೆ ಹತ್ತೊಂಬತ್ತು ವರ್ಷ ಅಂದುಬಿಟ್ಟೆ. ನನ್ನ ಮೇಲೂ ಐಟಿಪಿ ಕೇಸು ಹಾಕಿದರು. ಒಪ್ಪಿಕೊಂಡರೆ ಇವತ್ತೇ ಬಿಡ್ತಾರೆ ಅಂತ ಯಾರೋ ಅಂದರು, ಒಪ್ಪಿಕೊಂಡೆ. ಐನೂರು ರೂಪಾಯಿ ದಂಡ. ಆಮೇಲೆ ಒಂದು ಸಂಸ್ಥೆಯವರು ನನ್ನ ಸ್ಕೂಲಿನ ಟಿ.ಸಿ. ತೆಗೆಸಿ, ವಕೀಲರನ್ನ ಹಿಡಿದು, ಹೈಕೋರ್ಟಲ್ಲಿ ಕೇಸು ರದ್ದು ಮಾಡಿಸಿದರು. 2022ರಲ್ಲಿ ಆರ್ಡರ್ ಬಂತು.

ಈಗ ಹಾಸ್ಟೆಲ್‌ನಲ್ಲಿ ಅಡುಗೆ ಸಹಾಯಕಿ ಕೆಲಸ ಖಾಲಿ ಇದೆ, ಹೊರಗುತ್ತಿಗೆ. ಏಜೆನ್ಸಿಯವರು ಪೊಲೀಸ್ ವೆರಿಫಿಕೇಶನ್ ಕೇಳ್ತಾರೆ. ಕೆ.ಆರ್. ನಗರದಿಂದ ಒಂದು ಸಂಬಂಧವೂ ಬಂದಿದೆ. ಹುಡುಗನ ಸೋದರಮಾವ ಪಿರಿಯಾಪಟ್ಟಣದ ಕಡೆ ಪೊಲೀಸ್ ಪೇದೆ. ಹೆಸರು ಹೊಡೆದರೆ ಕಂಪ್ಯೂಟರಲ್ಲಿ ಎಲ್ಲಾ ಬರುತ್ತೆ ಅಂತ ಅಣ್ಣನಿಗೆ ನಿದ್ದೆ ಇಲ್ಲ. ಅವ್ವ ಆ ಕಾಗದನೆಲ್ಲ ಒಲೆಗೆ ಹಾಕು ಅಂತಾಳೆ. ಹಾಕಲಾ?

ಉತ್ತರ: ಬೇಡ, ಹಾಕಬೇಡಿ. ನಿಮ್ಮ ಮನೆಯಲ್ಲಿರುವುದು ನಿಮ್ಮನ್ನು ಬಿಡಿಸಿದ ಕಾಗದ. ಅದನ್ನು ಸುಟ್ಟರೆ ನಿಮ್ಮ ಕೈ ಬರಿದಾಗುತ್ತದೆ, ಠಾಣೆಯಲ್ಲಿರುವ ಕಡತಕ್ಕೆ ಒಂದು ಕಿಡಿಯೂ ತಾಗುವುದಿಲ್ಲ. ಅವ್ವನ ಸಂಕಟ ಅರ್ಥವಾಗುತ್ತದೆ. ಆದರೆ ಮುಂದಿನ ಪ್ರತಿಯೊಂದು ಹೆಜ್ಜೆಗೂ ಆ ಆದೇಶವೇ ಆಧಾರ. (ಗುರುತು ಹತ್ತದಿರಲೆಂದು ನಿಮ್ಮ ಪತ್ರದ ಒಂದೆರಡು ವಿವರ ಬದಲಿಸಿದ್ದೇನೆ, ತಪ್ಪು ತಿಳಿಯಬೇಡಿ.)

ಮುಚ್ಚಿಡುವ ಹೊಣೆ ನಿಮ್ಮದು, ಬಯಲು ಮಾಡುವ ಅಧಿಕಾರ ಅವರದು ಅಂದುಕೊಂಡಿದ್ದೀರಿ. ಕಾನೂನಿನಲ್ಲಿ ಇರುವುದು ಇದಕ್ಕೆ ಉಲ್ಟಾ. ಆಗ ನಿಮಗೆ ಹದಿನೆಂಟು ತುಂಬಿರಲಿಲ್ಲ. 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಮಿನ ಪ್ರಕಾರ ಅಂಥ ಮಗುವಿನ ಹೆಸರು, ವಿಳಾಸ, ಶಾಲೆ, ಯಾವುದನ್ನೂ ಪ್ರಕಟಿಸುವಂತಿಲ್ಲ. ಪ್ರಕರಣ ಮುಗಿದ ಮೇಲೆ ಅದರ ದಾಖಲೆಯನ್ನು ನಡತೆ ಪ್ರಮಾಣಪತ್ರದ ನೆಪದಲ್ಲೂ ಪೊಲೀಸರು ಹೊರಗೆ ಕೊಡಬಾರದು ಎಂದು ಅದೇ ಕಲಂ ಬಿಡಿಸಿ ಹೇಳುತ್ತದೆ. ಮೀರಿದವರಿಗೆ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಹುಡುಗನ ಸೋದರಮಾವನಿಗೂ ಇದು ಅನ್ವಯ. ಮನೆಗೆ ಬರುವ ಹೆಣ್ಣಿನ ಹೆಸರನ್ನು ಠಾಣೆಯ ಕಂಪ್ಯೂಟರಿನಲ್ಲಿ ಹುಡುಕುವುದು ಯಾವ ಪೇದೆಯ ಡ್ಯೂಟಿಯೂ ಅಲ್ಲ.

ಹಾಗಂತ ಅಣ್ಣನ ಹೆದರಿಕೆ ಪೂರ್ತಿ ಸುಳ್ಳೂ ಅಲ್ಲ. ಬೆಂಗಳೂರಿನ ಆ ಠಾಣೆಯ ಪಾಲಿಗೆ ನೀವು ಮಗುವೇ ಅಲ್ಲ. ಅಲ್ಲಿ ಬರೆದಿರುವುದು ಹತ್ತೊಂಬತ್ತರ ಹೆಣ್ಣು, 8ನೇ ಕಲಂ, ತಪ್ಪೊಪ್ಪಿಗೆ, ದಂಡ ಪಾವತಿ. 1956ರ ಅನೈತಿಕ ವ್ಯವಹಾರ ತಡೆ ಕಾಯ್ದೆಯ ಈ 8ನೇ ಕಲಂ ಗಿರಾಕಿಗಳನ್ನು ಕರೆದ ಆರೋಪಕ್ಕೆ ಸಂಬಂಧಿಸಿದ್ದು. ಮೊದಲ ಸಲಕ್ಕೆ ಆರು ತಿಂಗಳವರೆಗೆ ಜೈಲು ಅಥವಾ ಐನೂರು ರೂಪಾಯಿವರೆಗೆ ದಂಡ, ಅಥವಾ ಎರಡೂ. ಕರೆತಂದು ಮಾರಿದವಳನ್ನು ಹಿಡಿಯಲು ತನಿಖೆ ಬೇಕು, ಸಾಕ್ಷಿ ಬೇಕು. ರೂಮಿನಲ್ಲಿ ಸಿಕ್ಕಿದ ಹುಡುಗಿಯ ಮೇಲೆ 8ನೇ ಕಲಂ ಹಾಕಲು ಒಂದು ಮಧ್ಯಾಹ್ನ ಸಾಕು. ಒಪ್ಪಿಕೋ ಎಂದು ಕಿವಿಯಲ್ಲಿ ಹೇಳಿದವರು ಐನೂರು ರೂಪಾಯಿಯ ಲೆಕ್ಕ ಹೇಳಿದರು, ಹತ್ತು ವರ್ಷ ಕಳೆದು ಹಾಸ್ಟೆಲ್ ಅಡುಗೆಮನೆಯ ಬಾಗಿಲಲ್ಲಿ ನಿಮ್ಮನ್ನು ತಡೆಯುವ ಲೆಕ್ಕ ಹೇಳಲಿಲ್ಲ.

ಅಪ್ರಾಪ್ತಳಾಗಿದ್ದೆ ಎಂಬ ವಾದವನ್ನು ತೀರ್ಪಾಗಿ ಮುಗಿದ ಕೇಸಿನಲ್ಲೂ, ಯಾವ ಹಂತದಲ್ಲೂ ಎತ್ತಬಹುದು ಎಂದು ಬಾಲನ್ಯಾಯ ಕಾಯ್ದೆಯ 9ನೇ ಕಲಂ ಹೇಳುತ್ತದೆ. ಆ ಸಂಸ್ಥೆಯವರು ಟಿ.ಸಿ. ತೆಗೆಸಿದ್ದು ಅದಕ್ಕೇ, ಅದೇ ನಿಮ್ಮನ್ನು ಉಳಿಸಿತು. ಆದರೆ ಹೈಕೋರ್ಟಿನಲ್ಲಿ ರದ್ದಾಯಿತು ಅಂದಮಾತ್ರಕ್ಕೆ ಠಾಣೆಯ ದಾಖಲೆ ತಾನಾಗಿ ತಿದ್ದಿಕೊಳ್ಳುವುದಿಲ್ಲ. ಯಾರಾದರೂ ಆದೇಶವನ್ನು ಅಲ್ಲಿಗೆ ಮುಟ್ಟಿಸಿ, ಮುಟ್ಟಿದ್ದಕ್ಕೆ ಸ್ವೀಕೃತಿ ಪಡೆದಿದ್ದಾರೆಯೇ? ನಿಮ್ಮ ವಕೀಲರಿಗೆ ಕೇಳಬೇಕಾದ ಮೊದಲ ಪ್ರಶ್ನೆ ಇದು.

ಆಗ ನಿಮ್ಮ ಫೋಟೊ, ಬೆರಳಚ್ಚು ತೆಗೆದುಕೊಂಡಿದ್ದರೆ ಅದನ್ನೂ ಕೇಳಿಸಿ. ಹಿಂದೆ ಶಿಕ್ಷೆಯಾಗದವರು ಖುಲಾಸೆಯಾದರೆ ಕೋರ್ಟು ಬೇರೆ ಹೇಳದ ಹೊರತು ಅವನ್ನು ನಾಶ ಮಾಡಬೇಕು ಎಂಬುದು 1920ರ ಹಳೆ ಕಾಯ್ದೆಯಲ್ಲೂ ಇತ್ತು, 2022ರ ಹೊಸ ಕಾಯ್ದೆಯಲ್ಲೂ ಇದೆ. ಮಕ್ಕಳ ಮೇಲಿನ ಪ್ರಕರಣದ ದಾಖಲೆಗಳನ್ನಂತೂ ಅವಧಿ ಮುಗಿದ ಮೇಲೆ ನಾಶಪಡಿಸಿ ಎಂದು ಬಾಲನ್ಯಾಯ ಕಾಯ್ದೆಯ 24ನೇ ಕಲಂ ಹೇಳುತ್ತದೆ. ಅರ್ಜಿ ಯಾವ ಕೋರ್ಟಿಗೆ, ಹೇಗೆ ಎಂಬುದನ್ನು ವಕೀಲರು ನೋಡಿಕೊಳ್ಳಲಿ. ನೀವೇ ಠಾಣೆಗೆ ಹೋಗಿ ವಿಚಾರಿಸಬೇಡಿ. ಹಳೆಯ ಕೇಸನ್ನು ಮತ್ತೊಮ್ಮೆ ನಾಲ್ಕು ಜನರ ಬಾಯಿಗೆ ಹಾಕಿದಂತಾಗುತ್ತದೆ.

ಇನ್ನೊಂದು ವಿಚಿತ್ರ ಗಮನಿಸಿ. ನಿಮ್ಮ ಗುಟ್ಟು ಸೋರುವುದಿದ್ದರೆ ಹಳೆಯ ಎಫ್‌ಐಆರ್‌ಗಿಂತ ನಿಮ್ಮನ್ನು ಬಿಡಿಸಿದ ಆದೇಶದಿಂದಲೇ ಸೋರುವ ಸಂಭವ ಹೆಚ್ಚು. ಹೈಕೋರ್ಟಿನ ಆದೇಶದ ಮೊದಲ ಪುಟ ತೆಗೆದು ನೋಡಿ. ಅರ್ಜಿದಾರರ ಹೆಸರು, ತಂದೆಯ ಹೆಸರು, ವಯಸ್ಸು, ಊರು, ಹೋಬಳಿ, ತಾಲ್ಲೂಕು, ಜಿಲ್ಲೆ ಒಂದರ ಕೆಳಗೊಂದು ಇರುತ್ತವೆ. ನಿಮ್ಮದರಲ್ಲೂ ಹಾಗೇ ಇದ್ದು, ಹೆಸರಿನ ಜಾಗದಲ್ಲಿ ಬೇರೆ ಗುರುತು ಹಾಕಿಲ್ಲದಿದ್ದರೆ, ಅದು ಕೋರ್ಟಿನ ಜಾಲತಾಣದಲ್ಲೂ ತೀರ್ಪು ಹಾಕುವ ಖಾಸಗಿ ತಾಣಗಳಲ್ಲೂ ಸಿಕ್ಕೀತು. ಅಲ್ಲಿ ಹೆಸರು ಹೊಡೆದು ಹುಡುಕಲು ಪೇದೆಯೇ ಆಗಬೇಕಿಲ್ಲ, ಫೋನಿದ್ದರೆ ಸಾಕು.

ಇದಕ್ಕೂ ದಾರಿ ಇದೆ, ಹೂವಿನ ದಾರಿಯೇನಲ್ಲ. 2017ರ ಜನವರಿಯಲ್ಲಿ ನಮ್ಮ ಹೈಕೋರ್ಟಿನ ನ್ಯಾಯಮೂರ್ತಿ ಆನಂದ ಬೈರಾರೆಡ್ಡಿ ಅವರು ತಂದೆಯೊಬ್ಬರ ಅರ್ಜಿಯ ಮೇಲೆ, ಅಂತರ್ಜಾಲದಲ್ಲಿ ಹುಡುಕಿದಾಗ ಮಗಳ ಹೆಸರು ಆದೇಶದಲ್ಲಿ ಕಾಣದಂತೆ ನೋಡಿಕೊಳ್ಳಲು ರಿಜಿಸ್ಟ್ರಿಗೆ ಸೂಚಿಸಿದರು. ಹೆಣ್ಣುಮಕ್ಕಳ ಮಾನಕ್ಕೆ ಸಂಬಂಧಿಸಿದ ಪ್ರಕರಣಗಳಲ್ಲಿ ಪಾಶ್ಚಾತ್ಯ ದೇಶಗಳು ಪಾಲಿಸುವ ಮರೆತುಹೋಗುವ ಹಕ್ಕಿಗೆ ಇದು ಹೊಂದುತ್ತದೆ ಎಂಬ ಮಾತು ಆ ಆದೇಶದಲ್ಲಿದೆ. ಆದರೆ ಹೈಕೋರ್ಟಿನ ಸ್ವಂತ ಜಾಲತಾಣಕ್ಕೂ ದೃಢೀಕೃತ ಪ್ರತಿಗೂ ಅದು ಅನ್ವಯವಾಗಲಿಲ್ಲ. ಖುಲಾಸೆಯಾದವರೊಬ್ಬರ ಹೆಸರು ತೆಗೆಯಲು ಮದ್ರಾಸ್ ಹೈಕೋರ್ಟ್ 2024ರಲ್ಲಿ ಹೇಳಿದಾಗ ಸುಪ್ರೀಂ ಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ಅಲ್ಲಿದ್ದದ್ದು ವಯಸ್ಕರ ಪ್ರಕರಣ. ನಿಮಗೆ 74ನೇ ಕಲಮಿನ ಬಲ ಇದೆ, ನಿಮ್ಮ ಅರ್ಜಿ ಇದಕ್ಕಿಂತ ಗಟ್ಟಿ. ಹಾಕಿಸಿ.

ಪ್ರಾಯಕ್ಕೆ ಬಂದ ಮೇಲೆ ಇಂಥ ಕಳ್ಳಸಾಗಣೆಯ ಜಾಲಕ್ಕೆ ಬಿದ್ದವರ ಪಾಡು ನಿಮ್ಮದಕ್ಕಿಂತ ಕಷ್ಟದ್ದು, ಈ ಅಂಕಣ ಓದುವ ಕೆಲವರಾದರೂ ಅಂಥವರಿರುತ್ತಾರೆ. ಬಲವಂತಕ್ಕೆ ಸಿಕ್ಕವರ ಮೇಲಿನ ಶಿಕ್ಷೆಯನ್ನೇ ಅಳಿಸಲು ನ್ಯೂಯಾರ್ಕ್ ರಾಜ್ಯ 2010ರಲ್ಲಿ ಕಾನೂನು ಮಾಡಿತು, ಅಮೆರಿಕದ ಬೇರೆ ರಾಜ್ಯಗಳು ಹಿಂದೆ ಬಂದವು. ನಮ್ಮಲ್ಲಿ ಅಂಥದ್ದಿಲ್ಲ. ಒಬ್ಬೊಬ್ಬರೂ ಹೈಕೋರ್ಟಿನ ಬಾಗಿಲು ತಟ್ಟಬೇಕು. ದಾಳಿಯ ಸುದ್ದಿಯಲ್ಲಿ ಹೆಸರು, ಚಿತ್ರ ಬಾರದಂತೆ ಮಾಧ್ಯಮಗಳು ಎಚ್ಚರ ವಹಿಸಬೇಕೆಂದು 2022ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಹೇಳಿರುವುದು ಒಂದು ಆಸರೆ, ಅಷ್ಟೆ.

ಈಗ ನಿಮ್ಮ ಕೆಲಸದ ವಿಷಯ. ವೆರಿಫಿಕೇಶನ್ ಫಾರಂನಲ್ಲಿ, ನಿಮ್ಮ ಮೇಲೆ ಯಾವುದಾದರೂ ಕ್ರಿಮಿನಲ್ ಪ್ರಕರಣ ಇತ್ತೇ ಎಂಬ ಸಾಲು ಇರಬಹುದು. ಅವಸರದಲ್ಲಿ ಗೀಟು ಹಾಕಬೇಡಿ. ಕೇಸು ಮುಚ್ಚಿಟ್ಟು ನೌಕರಿಗೆ ಸೇರಿದವರ ಬಗ್ಗೆ ಸುಪ್ರೀಂ ಕೋರ್ಟ್ 2016ರ ಅವತಾರ್ ಸಿಂಗ್ ಪ್ರಕರಣದಲ್ಲಿ, ಕೊಡುವ ಮಾಹಿತಿ ನಿಜವಾಗಿರಬೇಕು ಎಂದಿದೆ. ಇನ್ನೊಂದೆಡೆ, ಅಪ್ರಾಪ್ತನಾಗಿದ್ದಾಗಿನ ಕೇಸಿನ ಕಾರಣಕ್ಕೆ ಕೆಲಸ ತಪ್ಪಿಸಬಾರದು, ಆ ದಾಖಲೆ ಅಳಿದುಹೋಗಲಿ ಎಂಬುದೇ ಕಾಯ್ದೆಯ ಉದ್ದೇಶ ಎಂದು 2019ರಲ್ಲಿ ರಮೇಶ್ ಬಿಷ್ಣೋಯ್ ಪ್ರಕರಣದಲ್ಲಿ ಅದೇ ನ್ಯಾಯಾಲಯ ಹೇಳಿತು. ನಿಮ್ಮದು ಎರಡನೆಯದರ ಜಾತಿ, ಜೊತೆಗೆ ಕೇಸೇ ರದ್ದಾಗಿದೆ. ಆ ಸಾಲಿಗೆ ಏನು ಬರೆಯಬೇಕೆಂದು ವಕೀಲರಿಂದ ಲಿಖಿತ ಸಲಹೆ ಪಡೆದು ಅದನ್ನು ಇಟ್ಟುಕೊಳ್ಳಿ. ಏಜೆನ್ಸಿಯ ಮೇಸ್ತ್ರಿಗೋ ಸೂಪರ್‌ವೈಸರ್‌ಗೋ ಕಥೆ ಬಿಡಿಸಿ ಹೇಳುವ ಅಗತ್ಯವಿಲ್ಲ.

ವಕೀಲರಿಗೆ ದುಡ್ಡು ಎಲ್ಲಿಂದ ಎಂದು ಕೇಳುತ್ತೀರಿ. ಕಾನೂನು ಸೇವೆಗಳ ಪ್ರಾಧಿಕಾರದ 1987ರ ಕಾಯ್ದೆಯ 12ನೇ ಕಲಮಿನಲ್ಲಿ ಮಾನವ ಕಳ್ಳಸಾಗಣೆಗೆ ಸಿಕ್ಕವರು, ಹೆಂಗಸರು ಎಂದು ಬೇರೆಬೇರೆಯಾಗಿಯೇ ಹೆಸರಿಸಿದ್ದಾರೆ. ನೀವು ಎರಡರಲ್ಲೂ ಬರುತ್ತೀರಿ, ಆದಾಯ ಎಷ್ಟಿದ್ದರೂ ವಕೀಲರು ಉಚಿತ. ನೀವು ಹೆಸರಿಸಿದ ನಾಲ್ಕೂ ತಾಲ್ಲೂಕುಗಳ ಕೋರ್ಟುಗಳಲ್ಲಿ ತಾಲ್ಲೂಕು ಸಮಿತಿ ಇದೆ. ಆದರೂ ನೀವು ಹುಣಸೂರಿನದಕ್ಕೆ ಹೋಗಬೇಡಿ ಎನ್ನುತ್ತೇನೆ. ಅಲ್ಲಿಯವರ ಮೇಲೆ ಅನುಮಾನದಿಂದಲ್ಲ, ಕೋರ್ಟಿನ ಮೆಟ್ಟಿಲ ಬಳಿ ನಿಮ್ಮ ಅಣ್ಣನ ಪರಿಚಯದವರು ಯಾರಾದರೂ ಸಿಕ್ಕಿ, ಏನಮ್ಮ ಇಲ್ಲಿ ಎಂದು ಕೇಳುವುದು ಖಂಡಿತ. ಬಸ್ಸು ಹತ್ತಿ ಮೈಸೂರಿನ ಜಿಲ್ಲಾ ಪ್ರಾಧಿಕಾರಕ್ಕೆ ಹೋಗಿ, ಅಥವಾ 15100ಕ್ಕೆ ಫೋನ್ ಮಾಡಿ. ಮೈಸೂರಿನ ಒಡನಾಡಿಯಂಥ ಸಂಸ್ಥೆಗಳಿಗೂ ಈ ಕೆಲಸ ಗೊತ್ತು. ಯಾರೇ ಸಹಾಯ ಮಾಡಲಿ, ನಿಮ್ಮ ಹೆಸರು, ಫೋಟೊ, ಊರು ಅವರ ವರದಿಯಲ್ಲಾಗಲಿ ಭಾಷಣದಲ್ಲಾಗಲಿ ಬರಕೂಡದು ಎಂದು ಮೊದಲ ದಿನವೇ ಬರೆದುಕೊಡಿ. ಒಳ್ಳೆಯ ಮನಸ್ಸಿನವರು ಮಾಡುವ ಎಡವಟ್ಟನ್ನು ಆಮೇಲೆ ಸರಿಪಡಿಸುವುದು ಇನ್ನೂ ಕಷ್ಟ, ಜಗಳವಾಡಲೂ ಬಾಯಿ ಬರುವುದಿಲ್ಲ.

ಆದೇಶವನ್ನು ಬಸ್‌ಸ್ಟ್ಯಾಂಡಿನ ಜೆರಾಕ್ಸ್ ಅಂಗಡಿಗೆ ಒಯ್ಯಬೇಡಿ. ಈಗ ಅಲ್ಲೆಲ್ಲ ಫೈಲನ್ನು ಅಂಗಡಿಯ ವಾಟ್ಸಾಪ್ ನಂಬರಿಗೆ ಕಳಿಸಿ ಪ್ರಿಂಟ್ ತೆಗೆಸುವುದು ರೂಢಿ. ಪ್ರಿಂಟ್ ನಿಮ್ಮ ಕೈಗೆ ಬರುತ್ತದೆ, ಫೈಲು ಅಂಗಡಿ ಹುಡುಗನ ಫೋನಿನಲ್ಲಿ ಉಳಿಯುತ್ತದೆ, ಅದರ ಕೆಳಗೆ ನಿಮ್ಮ ನಂಬರು. ಪ್ರತಿ ಬೇಕಾದರೆ ವಕೀಲರ ಆಫೀಸಿನಲ್ಲೇ ಮಾಡಿಸಿ.

ಮದುವೆಯ ಬಗ್ಗೆ ನೀವು ನೇರವಾಗಿ ಕೇಳಿಲ್ಲ, ಆದರೂ ಪತ್ರದ ಭಾರವೆಲ್ಲ ಅಲ್ಲೇ ಇದೆ. ಹೇಳಲೇಬೇಕು ಎಂಬ ಕಾನೂನು ನನಗೆ ತಿಳಿದಂತೆ ಯಾವುದೂ ಇಲ್ಲ. ಆದರೆ ಆ ಹುಡುಗನ ಜೊತೆ ಬಾಳುವುದು ನೀವು. ಬೇರೆ ಬಾಯಿಂದ ಬರುವ ಮೊದಲು ನಿಮ್ಮ ಬಾಯಿಂದ ಕೇಳುವುದು ಅವನಿಗೂ ಒಳ್ಳೆಯದು ಎಂದು ನನಗನ್ನಿಸುತ್ತದೆ. ಹೆಣ್ಣು ನೋಡಲು ಬಂದ ದಿನವಲ್ಲ, ಎರಡೂ ಕಡೆ ಒಪ್ಪಿಗೆಯ ಮಾತು ಬಂದ ಮೇಲೆ, ಮಾತುಕತೆಯ ಶಾಸ್ತ್ರಕ್ಕೆ ಮುಂಚೆ. ಅವನಿಗೊಬ್ಬನಿಗೇ ಹೇಳಿ, ಅವರಮ್ಮನಿಗೂ ಬೇಡ, ಸೋದರಮಾವನಿಗಂತೂ ಬೇಡವೇ ಬೇಡ. ಹದಿನಾರು ವರ್ಷಕ್ಕೆ ನನ್ನನ್ನು ಮೋಸ ಮಾಡಿ ಕರಕೊಂಡು ಹೋಗಿದ್ದರು, ಕೋರ್ಟು ನನ್ನ ಮೇಲಿನ ಕೇಸನ್ನು ತೆಗೆದುಹಾಕಿದೆ ಎಂಬಷ್ಟು ಸಾಕು. ಅಲ್ಲಿ ಏನಾಯಿತು ಎಂದು ಕೆದಕಿದರೆ ಉತ್ತರಿಸಬೇಕಾಗಿಲ್ಲ. ಕಾಗದ ತೋರಿಸು ಎಂದರೂ ಕೊಡಬೇಡಿ. ಕೇಳಿ ಎದ್ದುಹೋದನೋ, ಹೋಗಲಿ. ಮದುವೆಯಾದ ಮೇಲೆ ಹೀಗೇ ಎದ್ದುಹೋಗುವವನು ಮೊದಲೇ ಹೋದ. ಅಣ್ಣನನ್ನು ಮಾತ್ರ ಈ ಮಾತಿಗೆ ಕಳಿಸಬೇಡಿ, ಅವರು ಹೆದರಿಕೆಯಲ್ಲಿ ಬೇಕಾದ್ದಕ್ಕಿಂತ ಹೆಚ್ಚು ಹೇಳಿಬಿಡುತ್ತಾರೆ.

ಹಾಸ್ಟೆಲ್ ಕೆಲಸಕ್ಕೆ ಅರ್ಜಿ ಹಾಕಲು ಇದೆಲ್ಲ ಮುಗಿಯುವವರೆಗೆ ಕಾಯಬೇಡಿ. ವೆರಿಫಿಕೇಶನ್ ಪತ್ರವನ್ನು ಅರ್ಜಿಯ ಜೊತೆಗೇ ಕೊಡಬೇಕೋ, ಕೆಲಸ ಸಿಕ್ಕ ಮೇಲೆ ಕೊಟ್ಟರೆ ಆದೀತೋ ಎಂದು ಏಜೆನ್ಸಿಯಲ್ಲಿ ವಿಚಾರಿಸಿ. ಆಮೇಲೆ ಕೊಡಬಹುದು ಎಂದರೆ ನಾಳೆಯೇ ಅರ್ಜಿ ಹಾಕಿ, ನಾಡಿದ್ದು ಮೈಸೂರಿಗೆ ಹೊರಡಿ.